ಸ್ಟ್ರಾಟ್‌ಫರ್ಡ್‌ನಲ್ಲಿ ಎಲ್ ಬೋರ್ಡಿನ ಜಾಡು ಹಿಡಿದು

ಲಂಡನ್ನಿನ ಬೋ ರೌಂಡಬೌಟ್‌ನ ಅಂಚಿನಲ್ಲಿ ನಿಂತು ಮಾತಾಡಬೇಕಾದರೆ ದನಿ ಸ್ವಲ್ಪ ಎತ್ತರಿಸಲೇಬೇಕು. ತಲೆಯ ಮೇಲೆ ಫ್ಲೈಓವರ್, ಕಾಲ ಕೆಳಗಿನ ಅಂಡರ್‌ಪಾಸಿನಲ್ಲಿ ಎ12 ಹೆದ್ದಾರಿ, ನಡುವೆ ಈ ದೊಡ್ಡ ಸರ್ಕಲ್. ಇಲ್ಲಿಂದ ಪೂರ್ವಕ್ಕೆ ಹೊರಟರೆ ಸ್ಟ್ರಾಟ್‌ಫರ್ಡ್. ನಾವು ನಡೆದುಕೊಂಡು ಹೊರಟಿದ್ದೆವು. ಜೊತೆಗಿದ್ದವರು ಹಾಸನದ ಕಡೆಯ ಒಬ್ಬ ಹೆಣ್ಣುಮಗಳು. ಊರಲ್ಲಿ ವರ್ಷಗಟ್ಟಲೆ ಕಾರು ಓಡಿಸಿದವರು, ಇಲ್ಲಿ ಮತ್ತೆ ಎಲ್ ಬೋರ್ಡಿಗೆ ಬಂದು ನಿಂತಿದ್ದಾರೆ. ಭಾರತದ ಲೈಸೆನ್ಸಿನಲ್ಲಿ ಇಲ್ಲಿ ನೆಲೆಸಿದ ಮೊದಲ 12 ತಿಂಗಳು ಮಾತ್ರ ಓಡಿಸಬಹುದು. ಜಪಾನ್, ಆಸ್ಟ್ರೇಲಿಯಾ ಕಡೆಯಿಂದ ಬಂದವರು ತಮ್ಮದನ್ನು ಕೊಟ್ಟು ಇಲ್ಲಿನ ಲೈಸೆನ್ಸ್ ಬದಲಾಯಿಸಿಕೊಳ್ಳಬಹುದು, ನಮಗೆ ಆ ಸೌಲಭ್ಯವಿಲ್ಲ. ಹಾಗಾಗಿ ಪ್ರೊವಿಷನಲ್ ಲೈಸೆನ್ಸ್, ಥಿಯರಿ ಪರೀಕ್ಷೆ, ಆಮೇಲೆ ರಸ್ತೆ ಪರೀಕ್ಷೆ, ಎಲ್ಲವೂ ಮೊದಲಿನಿಂದ. ಎಡಗಡೆಯಲ್ಲೇ ಓಡಿಸುವ ದೇಶ ತಾನೆ, ಏನು ಮಹಾ ಎಂದುಕೊಂಡು ಹೋದ ಹಳೇ ಡ್ರೈವರುಗಳೂ ಫೇಲಾಗಿ ಬರುತ್ತಾರೆ. ಅದು ಯಾಕೆ ಎಂಬ ಕುತೂಹಲಕ್ಕೇ ನಾನು ಹೊರಟದ್ದು.

"ಕಾರಲ್ಲಿ ಕೂತಾಗ ಗಾಬರೀಲಿ ಏನೂ ಕಾಣಲ್ಲ ಅಣ್ಣ. ಅದಕ್ಕೇ ಹೆದರಿಕೆ ಆಗೋ ಜಾಗಗಳನ್ನ ಕಾಲಲ್ಲಿ ನಡೆದು ನೋಡ್ತೀನಿ" ಎಂದರು ಆಕೆ.

ಸರ್ಕಲ್ಲಿನಲ್ಲಿ ಮೊದಲು ಕಣ್ಣಿಗೆ ಬಿದ್ದದ್ದು ಸೈಕಲ್ಲಿನವರಿಗೆಂದೇ ಇಟ್ಟ ಸಿಗ್ನಲ್. ಕಾರು, ಲಾರಿಗಳು ಕೆಂಪಿನಲ್ಲಿ ನಿಂತಿರುವಾಗಲೇ ಸೈಕಲ್ಲಿಗೆ ಹಸಿರು ಬೀಳುತ್ತದೆ, ಕೆಲವು ಸೆಕೆಂಡು ಮುಂಚೆ ಅವರು ಹೊರಟುಬಿಡುತ್ತಾರೆ. ಇದರ ಹಿಂದಿನ ಕತೆ ಘೋರವಾದದ್ದು. 2011ರ ಕೊನೆಯಲ್ಲಿ ಕೆಲವೇ ವಾರಗಳ ಅಂತರದಲ್ಲಿ ಇಬ್ಬರು ಸೈಕಲ್ ಸವಾರರು ಇಲ್ಲಿ ಲಾರಿಗೆ ಸಿಕ್ಕು ಸತ್ತರು. ಆಮೇಲೆ ಈ ಸಿಗ್ನಲ್ ಬಂತು. 2013ರಲ್ಲಿ ಇನ್ನೊಬ್ಬರು ಸತ್ತರು. ಕಲಿಯುವವರಿಗೆ ಎಡಗಡೆ ಕನ್ನಡಿಯ ಬಗ್ಗೆ ಇಲ್ಲಿ ಇಷ್ಟೊಂದು ಹೇಳುವುದು ಯಾಕೆಂದು ಆ ಮೂಲೆಯಲ್ಲಿ ನಿಂತರೆ ಅರ್ಥವಾಗುತ್ತದೆ. ನಮ್ಮೂರಲ್ಲಿ ಆ ಕನ್ನಡಿಯನ್ನು ಮಡಚಿಟ್ಟುಕೊಂಡೇ ಕಾರು ಓಡಿಸುವವರನ್ನು ನಾನು ಬೇಕಾದಷ್ಟು ಕಂಡಿದ್ದೇನೆ.

ಟೆಸ್ಟಿನ ದಿನ ಯಾವ ದಾರಿಯಲ್ಲಿ ಕರೆದೊಯ್ಯುತ್ತಾರೆಂದು ಮೊದಲೇ ಹೇಳುವುದಿಲ್ಲ. ಈ ಸರ್ಕಲ್ಲಿಗೆ ಅವರು ಬಾರದೆಯೂ ಇರಬಹುದು. ಆದರೂ ನಾವು ನಿಂತಿದ್ದಷ್ಟು ಹೊತ್ತಿನಲ್ಲೇ ಎಲ್ ಬೋರ್ಡಿನ ಪುಟ್ಟ ಕಾರುಗಳು ಒಂದರ ಹಿಂದೊಂದು ಸುತ್ತಿ ಹೋದವು.

ಅಲ್ಲಿಂದ ಸ್ಟ್ರಾಟ್‌ಫರ್ಡ್ ಹೈ ಸ್ಟ್ರೀಟ್. ಎರಡೂ ಬದಿ ಎತ್ತರದ ಹೊಸ ಅಪಾರ್ಟ್‌ಮೆಂಟುಗಳು, ನೋಡಲು ಅಂಥ ವಿಶೇಷವೇನಿಲ್ಲ. ಗಮನಿಸಬೇಕಾದ್ದು ಕೆಳಗಿದೆ. ಸೈಕಲ್ ದಾರಿಯನ್ನು ಕಲ್ಲಿನ ಅಂಚು ಕಟ್ಟಿ ಬೇರೆ ಮಾಡಿದ್ದಾರೆ, ಬಸ್ ಸ್ಟಾಪ್ ಬಂದಲ್ಲಿ ಆ ದಾರಿ ಸ್ಟಾಪಿನ ಹಿಂದುಗಡೆ ಬಳಸಿ ಹೋಗುತ್ತದೆ. ಹಾಗಾಗಿ ಎಡಕ್ಕೆ ಅಡ್ಡರಸ್ತೆಗೆ ತಿರುಗುವ ಕಾರು ಆ ಸೈಕಲ್ ದಾರಿಯನ್ನು ದಾಟಬೇಕು, ನೇರ ಬರುವ ಸೈಕಲ್ಲಿಗೆ ಜಾಗ ಬಿಡಬೇಕು, ಆಮೇಲೆ ಮೂಲೆಯಲ್ಲಿ ರಸ್ತೆ ದಾಟಲು ನಿಂತವರಿಗೂ ಬಿಡಬೇಕು. ಈ ಕೊನೆಯದು ನಿಯಮಪುಸ್ತಕಕ್ಕೆ ಸೇರಿದ್ದು 2022ರ ಜನವರಿಯಲ್ಲಿ. ಅದಕ್ಕೆ ಮುಂಚೆ, ದಾಟಲು ರಸ್ತೆಗೆ ಇಳಿದವರಿಗಷ್ಟೇ ಆ ಹಕ್ಕಿತ್ತು. ಈಗ ಕಾಯುತ್ತ ನಿಂತವರಿಗೂ ಇದೆ. ಪರೀಕ್ಷೆ ಮಾಡಿ ನೋಡೋಣವೆಂದು ಒಂದು ಮೂಲೆಯಲ್ಲಿ ನಿಂತೆ. ಎಲ್ ಬೋರ್ಡಿನ ಕಾರು ನಿಂತಿತು. ಅದರ ಹಿಂದೆ ಬಂದ ಟ್ಯಾಕ್ಸಿ ನನ್ನನ್ನು ಕಂಡಂತೆಯೂ ಮಾಡಲಿಲ್ಲ.

ಬ್ರಾಡ್‌ವೇಗೆ ಬಂದಾಗ ದಾರಿ ಇದ್ದಕ್ಕಿದ್ದಂತೆ ಗಜಿಬಿಜಿಯಾಗುತ್ತದೆ. ನಡುವೆ ದ್ವೀಪದಂತೆ ಸೇಂಟ್ ಜಾನ್ಸ್ ಚರ್ಚು, ಸುತ್ತ ಬಸ್ಸುಗಳು, ಒಂದು ಬದಿಗೆ ಹಳೇ ಶಾಪಿಂಗ್ ಸೆಂಟರ್, ಅದರಾಚೆ ಸ್ಟೇಷನ್ನು. ಕೆಲವು ವರ್ಷಗಳ ಹಿಂದಿನವರೆಗೆ ಇದು ಪೂರ್ತಿ ಒನ್‌ವೇ ಸುತ್ತು. ಈಗ ಎರಡೂ ಕಡೆಯಿಂದ ವಾಹನಗಳು ಬರುತ್ತವೆ. ಹಳೇ ಕಾಲದಲ್ಲಿ ಇಲ್ಲಿ ಓಡಿಸಿದವರಿಗೇ ಕೈ ತಡವರಿಸುತ್ತದಂತೆ. ಟೆಸ್ಟಿನಲ್ಲಿ ಬಹಳ ಹೊತ್ತು ಯಾರೂ ತಿರುವು ಹೇಳಿಕೊಡುವುದಿಲ್ಲ. ಸ್ಯಾಟ್‌ನ್ಯಾವ್ ನೋಡಿಕೊಂಡೋ, ಕೆಲವರು ಫಲಕಗಳನ್ನು ಓದಿಕೊಂಡೋ ಓಡಿಸಬೇಕು. ದಾರಿ ತಪ್ಪಿದರೆ ಅದಕ್ಕೆ ಅಂಕ ಕಳೆಯುವುದಿಲ್ಲ. ತಪ್ಪಿತೆಂದು ಗಾಬರಿಯಿಂದ ಲೇನ್ ಅಡ್ಡ ಹಾಯ್ದರೆ ಕಳೆಯುತ್ತಾರೆ. "ತಪ್ಪು ದಾರೀಲಿ ಸರಿಯಾಗಿ ಹೋದ್ರೆ ಪಾಸು" ಎಂದು ನಕ್ಕರು ಜೊತೆಗಿದ್ದಾಕೆ.

ರೋಮ್‌ಫರ್ಡ್ ರಸ್ತೆ ಹಿಡಿದೆವು. ರೋಮನ್ನರ ಕಾಲದಲ್ಲಿ ಕಾಲ್ಚೆಸ್ಟರಿಗೆ ಹೋಗುತ್ತಿದ್ದ ದಾರಿಯ ಜಾಡು ಇದು, ಅದಕ್ಕೇ ಅಷ್ಟು ನೇರ. ಆದರೆ ಕಲಿಯುವವರಿಗೆ ನಿಜವಾದ ಪಾಠ ಇರುವುದು ವಾಟರ್ ಲೇನ್ ಸುತ್ತಿನ ಒಳಓಣಿಗಳಲ್ಲಿ. ಅಂಟಿಕೊಂಡ ಇಟ್ಟಿಗೆ ಮನೆಗಳು, ರಸ್ತೆಯ ಮೇಲೆ ಬಿಳಿ ವೃತ್ತದೊಳಗೆ ಬರೆದ 20, ಅಂದರೆ ಗಂಟೆಗೆ 20 ಮೈಲಿ, ನಮ್ಮ ಲೆಕ್ಕದಲ್ಲಿ 32 ಕಿಲೋಮೀಟರು. ಹಂಪುಗಳು ನಮ್ಮವಕ್ಕಿಂತ ಸೌಮ್ಯ. ಎರಡೂ ಬದಿ ಕಾರು ನಿಲ್ಲಿಸಿರುವುದರಿಂದ ನಡುವೆ ಉಳಿಯುವುದು ಒಂದೇ ಕಾರಿನಷ್ಟು ದಾರಿ. ಎದುರಿನಿಂದ ಇನ್ನೊಂದು ಬಂದರೆ?

ಇದನ್ನು ನೋಡಲೆಂದೇ ಒಂದು ಮನೆಯ ಕಾಂಪೌಂಡಿನ ಬಳಿ ನಿಂತೆವು. ಎಲ್ ಬೋರ್ಡಿನ ಕಾರೊಂದು ಬಂತು, ಎದುರಿಗೆ ಸಾಮಾನಿನ ವ್ಯಾನ್. ಕಾರು ದೂರದಲ್ಲೇ ಖಾಲಿ ಜಾಗ ಕಂಡು ಎಡಕ್ಕೆ ಸರಿದು ನಿಂತಿತು. ವ್ಯಾನೂ ನಿಂತಿತು. ಇಬ್ಬರೂ ಹೊರಡಲಿಲ್ಲ. ಹಬ್ಬದೂಟಕ್ಕೆ ಕರೆದವರ ಮನೆ ಬಾಗಿಲಲ್ಲಿ 'ನೀವು ಮೊದಲು, ನೀವು ಮೊದಲು' ಎಂದು ನಿಂತುಬಿಡುತ್ತೇವಲ್ಲ, ಹಾಗೆ. ಆಮೇಲೆ ವ್ಯಾನಿನವನು ಹೆಡ್‌ಲೈಟ್ ಮಿನುಗಿಸಿದ. ಬೆಂಗಳೂರಿನಲ್ಲಿ ಇದರರ್ಥ 'ನಾನು ಬಂದೆ, ನಿಲ್ಲಲ್ಲ, ಸರಿ ಪಕ್ಕಕ್ಕೆ'. ಇಲ್ಲಿ ರೂಢಿಯ ಅರ್ಥ ತಿರುಗುಮುರುಗು: 'ನೀನು ಬಾ'. ನಿಯಮಪುಸ್ತಕ ಎರಡನ್ನೂ ಒಪ್ಪುವುದಿಲ್ಲ. ನಾನಿಲ್ಲಿದ್ದೇನೆ ಎಂದು ತಿಳಿಸುವುದಕ್ಕಷ್ಟೇ ಲೈಟ್ ಮಿನುಗಿಸಬೇಕು, ಇನ್ನೊಬ್ಬರಿಗೆ ದಾರಿ ಕೊಡಲು ಅಲ್ಲ ಎನ್ನುತ್ತದೆ ಅದು. ಆ ಕಾರಿನೊಳಗಿನ ಕಲಿಯುವ ಹುಡುಗ ಯಾವ ಅರ್ಥ ಹಿಡಿದನೋ ತಿಳಿಯಲಿಲ್ಲ. ಒಂದು ಕ್ಷಣ ತಡೆದು, ತಲೆ ಎರಡೂ ಕಡೆ ತಿರುಗಿಸಿ, ಹೊರಟ.

ಆ ತಡೆಯುವಿಕೆಯ ಅಳತೆಯೇ ಎಲ್ಲಕ್ಕಿಂತ ಕಷ್ಟ ಎಂದು ನನಗನ್ನಿಸಿತು. ನುಗ್ಗಿದರೆ ತಪ್ಪು ಸರಿ, ದಾರಿ ಖಾಲಿ ಇದ್ದೂ ನಿಂತೇ ಇದ್ದರೆ ಅದೂ ತಪ್ಪೇ. ಪಾಪ, ಹೊಸಬರು ಜಾಗರೂಕತೆ ತೋರಿಸುತ್ತಿದ್ದಾರೆ ಎಂದು ಯಾರೂ ರಿಯಾಯಿತಿ ಕೊಡುವುದಿಲ್ಲ. ನಮ್ಮ ಕಡೆಯ ಹಳೇ ಡ್ರೈವರುಗಳು ಎಡವುವುದೂ ಬಹುಶಃ ಇಲ್ಲೇ. ಕ್ಲಚ್ಚು, ಗೇರು, ರಿವರ್ಸು ಅವರಿಗೆ ನೀರು ಕುಡಿದಷ್ಟು ಸುಲಭ. ಆರ್‌ಟಿಒ ಮುಂದೆ ಟ್ರ್ಯಾಕಿನಲ್ಲಿ ತೋರಿಸಿ ಬಂದದ್ದೂ ಆ ಕೈಚಳಕವನ್ನೇ. ಇಲ್ಲಿ ಪಕ್ಕದಲ್ಲಿ ಕೂತವರು ಕೈಗಿಂತ ಕಣ್ಣನ್ನು ನೋಡುತ್ತಾರೆ. "ಮಿರರ್ ನೋಡಿದ್ರೆ ಸಾಲದು, ನೋಡಿದ್ದು ಅವರಿಗೆ ಕಾಣ್ಬೇಕು" ಎಂದು ಆಕೆಯ ಮೇಷ್ಟರು ದಿನಾ ಹೇಳುತ್ತಾರಂತೆ.

ಓಣಿ ಬಿಟ್ಟು ಬರುವಾಗ ಒಂದು ಝೀಬ್ರಾ ಕ್ರಾಸಿಂಗ್ ಸಿಕ್ಕಿತು. ಇಕ್ಕೆಲದ ಕಪ್ಪುಬಿಳುಪು ಕಂಬಗಳ ಮೇಲೆ ಮಿನುಗುವ ಕಿತ್ತಳೆ ಗೋಳಗಳು. ಇವಕ್ಕೆ ಬೆಲೀಶಾ ದೀಪ ಎಂದು ಹೆಸರು, 1934ರಲ್ಲಿ ಇವನ್ನು ತಂದ ಸಾರಿಗೆ ಸಚಿವರದ್ದೇ ಹೆಸರು. ಮರುವರ್ಷ, 1935ರ ಜೂನ್ 1ರಿಂದ, ಡ್ರೈವಿಂಗ್ ಟೆಸ್ಟನ್ನು ಕಡ್ಡಾಯ ಮಾಡಿದ್ದೂ ಅವರ ಕಾಲದಲ್ಲೇ. ಎಲ್ ಬೋರ್ಡೂ ಅದೇ ವರ್ಷದ್ದು.

ರೋಮ್‌ಫರ್ಡ್ ರಸ್ತೆಗೆ ಮರಳಿ 86ನೇ ನಂಬರಿನ ಬಸ್ಸು ಹತ್ತಿ, ಪೂರ್ವಕ್ಕಿರುವ ಒಂದು ಟೆಸ್ಟ್ ಸೆಂಟರಿಗೆ ಹೋದೆವು. ಹೆಸರು ಬೇಡ, ಹೊರಗಿನಿಂದ ನೋಡಿದರೆ ಸಣ್ಣ ಆಫೀಸು, ಮುಂದೆ ಗೆರೆ ಎಳೆದ ಪಾರ್ಕಿಂಗ್ ಜಾಗ. ಬೇಲಿಯಾಚೆ ನಿಂತೇ ನೋಡಿದೆವು. ಕಾರುಗಳು ಮೊದಲೇ ಬಂದು ಹಿಮ್ಮುಖವಾಗಿ ನಿಂತಿದ್ದವು. ಹೊತ್ತಾದ ಕೂಡಲೇ ಕೈಯಲ್ಲಿ ಟ್ಯಾಬ್ಲೆಟ್ ಹಿಡಿದ ಪರೀಕ್ಷಕರು ಒಬ್ಬೊಬ್ಬರನ್ನೇ ಕರೆದುಕೊಂಡು ಹೊರಬಂದರು. ಮೊದಲ ಕೆಲಸ 20 ಮೀಟರ್ ದೂರದ ನಂಬರ್ ಪ್ಲೇಟ್ ಓದುವುದು. ಓದಲಾಗದಿದ್ದರೆ ಕಾರು ಹತ್ತುವುದೇ ಇಲ್ಲ, ಅಲ್ಲಿಗೇ ಫೇಲು. ಆಮೇಲೆ ಕಾರಿನ ಬಗ್ಗೆ ಒಂದು ಪ್ರಶ್ನೆಗೆ ಬಾಯಲ್ಲಿ ಉತ್ತರ, ಇನ್ನೊಂದನ್ನು ಓಡಿಸುತ್ತಲೇ ಮಾಡಿ ತೋರಿಸಬೇಕು. ಹಾರ್ನ್ ಹೇಗೆ ಹೊಡೆಯುತ್ತೀರಿ ಎಂಬುದೂ ಆ ಪ್ರಶ್ನೆಗಳ ಪಟ್ಟಿಯಲ್ಲಿದೆ. ಕನ್ನಡಿಗನಿಗೆ ಇದಕ್ಕಿಂತ ಸುಲಭದ ಪ್ರಶ್ನೆ ಸಿಗಲಾರದು.

ಸುಮಾರು 40 ನಿಮಿಷದ ಮೇಲೆ ಕಾರುಗಳು ಒಂದೊಂದಾಗಿ ವಾಪಸಾದವು. ಮೈನರ್ ತಪ್ಪು 15ರವರೆಗೆ ಇದ್ದರೂ ಪಾಸು, 16 ಆದರೆ ಇಲ್ಲ. ಗಂಭೀರ ತಪ್ಪು ಒಂದೇ ಸಾಕು. ಒಂದು ಕಾರಿನೊಳಗೆ ಪರೀಕ್ಷಕರು ಏನೋ ವಿವರಿಸುತ್ತಿದ್ದರು, ಹುಡುಗಿ ತಲೆಯಾಡಿಸುತ್ತಿದ್ದಳು. ಪಾಸಾದವಳೋ ಫೇಲಾದವಳೋ ಮುಖ ನೋಡಿ ಹೇಳಲಾಗಲಿಲ್ಲ.

ನಮ್ಮಾಕೆ ಮಾತ್ರ ಫೋನು ತೆಗೆದು ಲೆಕ್ಕ ಹಾಕುತ್ತಿದ್ದರು. ಫೇಲಾದರೆ ಮುಂದಿನ ಟೆಸ್ಟಿಗೆ ಕನಿಷ್ಠ 10 ಕೆಲಸದ ದಿನ ಕಾಯಬೇಕೆಂದು ನಿಯಮ. ಆದರೆ ಲಂಡನ್ನಿನಲ್ಲಿ ದಿನಾಂಕ ಸಿಗುವುದೇ ತಿಂಗಳುಗಟ್ಟಲೆ ಕಾದ ಮೇಲೆ. ಇತ್ತ ಥಿಯರಿ ಸರ್ಟಿಫಿಕೇಟಿಗೆ 2 ವರ್ಷದ ಆಯುಸ್ಸು. ವಾರದ ದಿನವಾದರೆ ಫೀಸು 62 ಪೌಂಡ್, ಶನಿವಾರ ಭಾನುವಾರವಾದರೆ 75. "ವಾರದ ದಿನಾನೇ ಸಾಕು. ಆದ್ರೆ ಸ್ಕೂಲು ಬಿಡೋ ಹೊತ್ತು ಬೇಡ ಅಣ್ಣ, ಆ ಓಣೀಲಿ ಕಾರು ನಿಲ್ಲಿಸಿಬಿಡ್ತಾರೆ" ಎಂದು ಬೆಳಗಿನ ಹತ್ತೂಕಾಲರ ಸ್ಲಾಟುಗಳನ್ನು ಹುಡುಕತೊಡಗಿದರು.