ಕೆರೆಮೀನಿನ ವಂಶಮುದ್ರೆ

ಮಂದೆಗೆ ಟಗರನ್ನು ಆರಿಸುವಾಗ ನಮ್ಮ ರೈತರು ತೋರುವ ಎಚ್ಚರಿಕೆಯನ್ನು ಕೆರೆಗೆ ಮೀನುಮರಿ ಬಿಡುವಾಗ ತೋರುವುದಿಲ್ಲ. ಹೆಬ್ಬಾಳದಲ್ಲಿ ಪಶುವೈದ್ಯ ಕಾಲೇಜೂ ಮೀನುಗಾರಿಕೆಯ ಸಂಶೋಧನಾ ಕೇಂದ್ರವೂ ಇರುವುದರಿಂದ, ಯಲಹಂಕ, ಹೆಸರಘಟ್ಟಗಳ ಕಡೆಯ ಗ್ರಾಮಮುಖಂಡರು ಕುರಿಯನ್ನೂ ಮೀನನ್ನೂ ಹೋಲಿಸಿ ವಿಚಾರಿಸಲು ಅನುಕೂಲವಿರುತ್ತದೆ.

ಪ್ರಾಣಿಗಳ ವಂಶಗುಣಗಳು ಡಿ.ಎನ್.ಎ. ಎಂಬ ನೀಳವಾದ ತಂತುವಿನಲ್ಲಿ ಅಡಕವಾಗಿರುತ್ತವೆ. ಒಂದು ಇಂಗಾಲ, ಮೂರು ಜಲಜನಕದ ಪರಮಾಣುಗಳುಳ್ಳ ಮೀಥೈಲ್ ಎಂಬ ಪುಟ್ಟ ಗುಂಪು ಅದಕ್ಕೆ ಅಂಟಿಕೊಂಡರೆ, ಆ ಸ್ಥಳದ ಗುಣವು ಸಾಮಾನ್ಯವಾಗಿ ಪ್ರಕಟವಾಗದೆ ಉಳಿಯುತ್ತದೆ. ಖಾತೆಯ ಬರಹವನ್ನು ತಿದ್ದದೆ ಪುಟಕ್ಕೆ ಅರಗಿನ ಮುದ್ರೆ ಒತ್ತಿದಂತೆ. ದನ, ಕುರಿ ಮೊದಲಾದವುಗಳಲ್ಲಿ ಕೆಲವು ಪುಟಗಳಿಗೆ ತಂದೆಯ ಕಡೆಯಿಂದಲೂ ಬೇರೆ ಕೆಲವಕ್ಕೆ ತಾಯಿಯ ಕಡೆಯಿಂದಲೂ ಮುದ್ರೆ ಬೀಳುತ್ತದೆ. ಅಮೆರಿಕದ ಒಕ್ಲಹೋಮದಲ್ಲಿ 1983ರಲ್ಲಿ ಹುಟ್ಟಿದ ಒಂದು ಟಗರಿನ ಸಂತತಿಯಲ್ಲಿ, ದಪ್ಪ ತೊಡೆಯ ಗುಣವು ತಂದೆಯಿಂದ ಮಾತ್ರ ಬಂದರೆ ಕಾಣಿಸಿಕೊಳ್ಳುತ್ತದೆ. ತಾಯಿಯಿಂದ ಮಾತ್ರ ಬಂದರೆ ಕಾಣಿಸದು. 1984ರಲ್ಲಿ ಇಲಿಗಳ ಮೇಲೆ ನಡೆಸಿದ ಪ್ರಯೋಗಗಳಲ್ಲಿ, ಎರಡೂ ಪಾಲು ತಾಯಿಯದೇ ಆದ ಪಿಂಡವಾಗಲಿ ತಂದೆಯದೇ ಆದ ಪಿಂಡವಾಗಲಿ ಬದುಕಲಿಲ್ಲ.

ಮೀನಿನಲ್ಲಿ ಹೀಗಲ್ಲ. ಅದೇ 1984ರಲ್ಲಿ ನಮ್ಮ ದೇಶದ ವಿಜ್ಞಾನಿಗಳು ರೋಹು, ಕಾಟ್ಲಾಗಳಲ್ಲಿ ತಾಯಿಯ ಪಾಲೊಂದರಿಂದಲೇ ಮರಿಗಳನ್ನು ಪಡೆದುದನ್ನು ಪ್ರಕಟಿಸಿದರು. ಈ ಕ್ರಮದಲ್ಲಿ ವೀರ್ಯದ ಡಿ.ಎನ್.ಎ.ಯನ್ನು ಕಿರಣಗಳಿಂದ ಕೆಡಿಸಿ, ಮೊಟ್ಟೆಯನ್ನು ಚುರುಕುಗೊಳಿಸುವುದಕ್ಕೆ ಮಾತ್ರ ಅದನ್ನು ಬಳಸುತ್ತಾರೆ. ಬಳಿಕ ಮೊಟ್ಟೆಗೆ ಶೀತದ ಇಲ್ಲವೆ ಶಾಖದ ಆಘಾತವನ್ನು ಕೊಟ್ಟು ತಾಯಿಯ ಪಾಲು ಇಮ್ಮಡಿಯಾಗುವಂತೆ ಮಾಡುತ್ತಾರೆ.

ಈ ಭೇದಕ್ಕೆ ಅನೇಕ ವಿದ್ವಾಂಸರು ಒಪ್ಪುವ ಕಾರಣವಿದು. ಗರ್ಭದ ಮರಿಯು ತಾಯಿಯಿಂದ ಹೆಚ್ಚು ಆಹಾರ ಸೆಳೆದರೆ ತಂದೆಯ ಪಾಲಿಗೆ ಲಾಭ. ಮುಂದಿನ ಮರಿಗಳಿಗೂ ಉಳಿಸಿದರೆ ತಾಯಿಯ ಪಾಲಿಗೆ ಲಾಭ. ಮುದ್ರೆಗಳು ಈ ವ್ಯಾಜ್ಯದಿಂದ ಹುಟ್ಟಿದವು. ಮೊಟ್ಟೆಯಿಡುವ ಮೀನಾದರೋ ಆಹಾರವನ್ನು ಮೊದಲೇ ಕಟ್ಟಿಟ್ಟಿರುತ್ತದೆ. ವೀರ್ಯ ಸೇರುವ ಹೊತ್ತಿಗೆ ವ್ಯಾಜ್ಯಕ್ಕೆ ಆಸ್ತಿಯೇ ಉಳಿದಿರುವುದಿಲ್ಲ.

ಹಾಗೆಂದು ಮೀನಿಗೆ ಮೀಥೈಲ್ ಗುರುತೇ ಇಲ್ಲವೆಂದಲ್ಲ. ನಮ್ಮ ದೇಶದ ಹೊಳೆಗಳಲ್ಲಿರುವ ಜೀಬ್ರಾ ಮೀನಿನ ಪಿಂಡದಲ್ಲಿ, ತಾಯಿಯ ಪಾಲಿನ ಗುರುತುಗಳು ಮಾರ್ಪಟ್ಟು ತಂದೆಯ ಮಾದರಿಗೆ ಹೊಂದಿಕೊಳ್ಳುವುದು 2013ರಲ್ಲಿ ತಿಳಿದುಬಂದಿತು. ಇದನ್ನೇ ನೆವವಾಗಿ ಹಿಡಿದು ಗುರುತು ತಿದ್ದಿದ ಮರಿಯೆಂದು ಯಾರಾದರೂ ಮಾರಲು ಬಂದರೆ ಹಣ ಕೊಡತಕ್ಕದ್ದಲ್ಲ.

ತಾಯಿಯ ಪಾಲೊಂದರಿಂದಲೇ ಬದುಕಬಲ್ಲ ಮೀನು ಎಂಥ ಸಂಕುಚಿತ ವಂಶದಲ್ಲಿಯೂ ಮರಿಯಾಗುತ್ತದೆ. ನಾಲ್ಕಾರು ತಾಯಿಮೀನುಗಳಿಂದಲೇ ಲಕ್ಷಗಟ್ಟಲೆ ಮೊಟ್ಟೆ ದೊರೆಯುತ್ತದೆ. ಆದುದರಿಂದ ಮರಿ ಚುರುಕಾಗಿ ಈಜುತ್ತಿದೆಯೆಂಬುದು ತಳಿ ಒಳ್ಳೆಯದೆಂಬುದಕ್ಕೆ ಸಾಕ್ಷಿಯಲ್ಲ. ಏಕನಾಥ್ ಮತ್ತು ಡಾಯ್ಲ್ ಎಂಬವರು ಕರ್ನಾಟಕದ ಮೀನುಮರಿ ಕೇಂದ್ರಗಳನ್ನು ಪರಿಶೀಲಿಸಿ 1990ರಲ್ಲಿ ಬರೆದ ಲೇಖನದಲ್ಲಿ, ರಕ್ತಸಂಬಂಧದ ಸಂಕರವು ಶೇಕಡ 2ರಿಂದ 17ರ ಪ್ರಮಾಣದಲ್ಲಿ ಏರುತ್ತಿದ್ದುದನ್ನು ತೋರಿಸಿದರು. ಇದಕ್ಕೆ ವಿರುದ್ಧವಾಗಿ, 1997ರಲ್ಲಿ ಬಿಡುಗಡೆಯಾದ ಜಯಂತಿ ರೋಹು ತಳಿಗೆ ಗಂಗಾ, ಯಮುನಾ, ಗೋಮತಿ, ಬ್ರಹ್ಮಪುತ್ರ, ಸಟ್ಲೆಜ್ ನದಿಗಳ ಮೀನುಗಳನ್ನು ಕೂಡಿಸಿಕೊಂಡಿದ್ದರು.

ಕೆರೆಗೆ ಮರಿ ಕೊಳ್ಳುವ ಮುಖಂಡರು ಬೆಲೆ ಕೇಳುವ ಮೊದಲು, ಎಷ್ಟು ಗಂಡು, ಎಷ್ಟು ಹೆಣ್ಣು ಮೀನುಗಳಿಂದ ಈ ಮರಿ ಬಂದಿತು, ಹೊರಗಿನ ತಳಿಮೀನನ್ನು ಕಡೆಯ ಸಲ ಯಾವ ವರ್ಷ ತಂದರು ಎಂದು ವಿಚಾರಿಸಿ, ಉತ್ತರವನ್ನು ಬರೆದಿಟ್ಟುಕೊಳ್ಳತಕ್ಕದ್ದು.