ಗುಲಾಬಿಯೊಳಗೆ ಜಿಗಿದು ಕೂತ ಜೀನ್

ಬಾಗಲೂರಿನ ಸುತ್ತಮುತ್ತ ಗುಲಾಬಿ ಬೆಳೆಯುವ ಪಾಲಿಹೌಸ್‌ಗಳನ್ನು ನೀವು ದಿನಾ ನೋಡ್ತೀರಿ. ನಿಮ್ಮಲ್ಲಿ ಕೆಲವರ ಮನೆಯವರು ಅಲ್ಲಿಗೇ ಕೆಲಸಕ್ಕೆ ಹೋಗುತ್ತಿರಬಹುದು. ಫೆಬ್ರವರಿಯಲ್ಲಿ ಕೆಂಪು ಹೂವಿಗೆ ಬೇಡಿಕೆ, ಆಮೇಲೆ ಮದುವೆ, ಆಮೇಲೆ ಹಬ್ಬ. ಕೊಯ್ಲು ನಿಲ್ಲೋದೇ ಇಲ್ಲ. ಆದರೆ ಕಾಡು ಗುಲಾಬಿಗಳಲ್ಲಿ ಹೆಚ್ಚಿನವು ವರ್ಷಕ್ಕೆ ಒಂದೇ ಸಲ ಹೂ ಬಿಡುತ್ತವೆ ಅಂದ್ರೆ ನಂಬ್ತೀರಾ? ತೋಟದ ಗುಲಾಬಿಯೂ ಹಾಗೇ ಇದ್ದಿದ್ದರೆ ಉಳಿದ ತಿಂಗಳು ಕೂಲಿ ಎಲ್ಲಿಂದ ಬರ್ತಿತ್ತು?

ಒಮ್ಮೆ ಮಾತ್ರ ಹೂ ಬಿಡುವ ಗುಲಾಬಿಯಲ್ಲಿ 'ಕೆಎಸ್‌ಎನ್' ಎಂಬ ಜೀನ್ ಇದೆ. ಅದರಿಂದ ತಯಾರಾಗುವ ಪ್ರೋಟೀನ್ ಚಿಗುರಿನ ತುದಿಗೆ "ಹೂ ಬೇಡ, ಎಲೆ ಸಾಕು" ಅಂತ ಅಡ್ಡ ಹಾಕುತ್ತದೆ. ಜಪಾನ್ ಮತ್ತು ಫ್ರಾನ್ಸಿನ ವಿಜ್ಞಾನಿಗಳು 2012ರಲ್ಲಿ ತಿಳಿಸಿದ್ದು ಇಷ್ಟು: ಸದಾ ಹೂ ಬಿಡುವ ಗುಲಾಬಿಯಲ್ಲಿ ಈ ಜೀನಿನ ನಡುವೆ ಬೇರೊಂದು ಡಿಎನ್‌ಎ ತುಂಡು ಬಂದು ಕೂತಿದೆ. ಜೀನ್ ಕೆಟ್ಟಿತು, ಅಡ್ಡ ಹಾಕುವವರು ಇಲ್ಲವಾದರು. ಪ್ರತಿ ಚಿಗುರಿನ ತುದಿಯಲ್ಲೂ ಮೊಗ್ಗು! ಈ ಗುಣ ಚೀನಾದ ಹಳೆಯ ತೋಟದ ಗುಲಾಬಿಗಳಿಂದ ಯುರೋಪಿಗೆ ಹೋಗಿ, ಅಲ್ಲಿನ ತಳಿಗಳೊಂದಿಗೆ ಬೆರೆತು ಇಂದಿನ ಗುಲಾಬಿಗಳಿಗೆ ಬಂತು.

ಹಾಗೆ ಬಂದು ಕೂತ ತುಂಡು 'ಕೋಪಿಯಾ' ಗುಂಪಿನ ಜಿಗಿಯುವ ಜೀನ್. ಡಿಎನ್‌ಎಗೆ ಕಾಲಿಲ್ಲ, ಹಾಗಾದ್ರೆ ಜಿಗಿದದ್ದು ಹೇಗೆ? ಈ ಗುಂಪಿನ ತುಂಡುಗಳು ತಮಗೆ ಬೇಕಾದ ಪ್ರೋಟೀನುಗಳ ಬರಹವನ್ನು ತಮ್ಮೊಳಗೇ ಹೊತ್ತಿರುತ್ತವೆ. ಮೊದಲು ತುಂಡಿನ ಆರ್‌ಎನ್‌ಎ ನಕಲು ತಯಾರಾಗುತ್ತದೆ. ಅದರಿಂದ ಒಂದು ಉದ್ದನೆಯ ಪ್ರೋಟೀನ್ ಸರಪಳಿ. ಪ್ರೋಟಿಯೇಸ್ ಎಂಬ ಕತ್ತರಿ ಅದನ್ನು ಬಿಡಿಬಿಡಿಯಾಗಿ ತುಂಡರಿಸುತ್ತದೆ. ಗ್ಯಾಗ್ ಎಂಬ ಪ್ರೋಟೀನುಗಳು ಒಂದಕ್ಕೊಂದು ಅಂಟಿ ಚಿಪ್ಪು ಕಟ್ಟುತ್ತವೆ. ಒಳಗೆ ಆರ್‌ಎನ್‌ಎ ಭದ್ರ.

ಆ ಚಿಪ್ಪಿನೊಳಗೆ ರಿವರ್ಸ್ ಟ್ರಾನ್ಸ್‌ಕ್ರಿಪ್ಟೇಸ್ ಆರ್‌ಎನ್‌ಎಯನ್ನು ಓದಿ ಮತ್ತೆ ಡಿಎನ್‌ಎ ಮಾಡುತ್ತದೆ. ನಿಮ್ಮ ಬಲಗೈಯನ್ನು ಅರ್ಧ ಮಡಚಿ ನೋಡಿ, ಈ ಕಿಣ್ವದ ಆಕಾರ ಹಾಗೇ ಇದೆ. ವಿಜ್ಞಾನಿಗಳೂ ಅದರ ಭಾಗಗಳನ್ನು ಬೆರಳು, ಅಂಗೈ, ಹೆಬ್ಬೆರಳು ಅಂತಲೇ ಕರೀತಾರೆ. ಎಳೆ ಹಿಡಿತದಲ್ಲಿ ಕೂರುತ್ತದೆ, ಅಂಗೈಯಲ್ಲಿ ಜೋಡಣೆ ನಡೆಯುತ್ತದೆ.

ಕೊನೆಯವನು ಇಂಟಿಗ್ರೇಸ್. ನನಗೆ ಇವನೇ ಇಷ್ಟ. ನೂರಾರು ಅಮೈನೋ ಆಮ್ಲಗಳ ಈ ಸರಪಳಿಯಲ್ಲಿ ಮೂರು ಮುಖ್ಯ: ಎರಡು ಆಸ್ಪಾರ್ಟಿಕ್ ಆಮ್ಲ, ಒಂದು ಗ್ಲುಟಾಮಿಕ್ ಆಮ್ಲ. ಸರಪಳಿಯಲ್ಲಿ ದೂರ ದೂರ ಇದ್ದರೂ ಪ್ರೋಟೀನ್ ಮಡಚಿಕೊಂಡಾಗ ಮೂವರೂ ಪಕ್ಕಪಕ್ಕ ಬಂದು ಮೆಗ್ನೀಸಿಯಂ ಅಯಾನುಗಳನ್ನು ಹಿಡಿಯುತ್ತಾರೆ. ಆ ಜಾಗದಲ್ಲೇ ವರ್ಣತಂತು ಕತ್ತರಿಸಿ, ಹೊಸ ಡಿಎನ್‌ಎ ಹೊಲಿಗೆ ಬೀಳುತ್ತದೆ. ಎಚ್‌ಐವಿ ವೈರಸ್ಸಿನಲ್ಲೂ ಇಂಥದ್ದೇ ಇಂಟಿಗ್ರೇಸ್ ಇದೆ. ರಾಲ್ಟೆಗ್ರಾವಿರ್ ಎಂಬ ಔಷಧಿ ಅದರ ಲೋಹದ ಅಯಾನುಗಳಿಗೇ ಅಂಟಿಕೊಂಡು ಕೆಲಸ ನಿಲ್ಲಿಸುತ್ತದೆ.

ಕೋಪಿಯಾ ಕೂತ ಮೇಲೆ ಶಾಶ್ವತವೇ? ಪೂರ್ತಿ ಅಲ್ಲ. ಅದರ ಎರಡು ತುದಿಗಳಲ್ಲೂ ಒಂದೇ ಬರಹ ಇರುತ್ತದೆ. ಅಪರೂಪಕ್ಕೆ ಆ ತುದಿಗಳು ಒಂದಕ್ಕೊಂದು ಬೆಸೆದು ನಡುವಿನದ್ದೆಲ್ಲ ಉದುರಿ ಹೋಗುತ್ತದೆ. ಆಗ ಕೆಎಸ್‌ಎನ್ ಮತ್ತೆ ಎಚ್ಚರ! ಪೊದೆ ಗುಲಾಬಿಯ ಒಂದು ಕೊಂಬೆ ಇದ್ದಕ್ಕಿದ್ದಂತೆ ಬಳ್ಳಿಯಂತೆ ಉದ್ದ ಬೆಳೆದು, ವರ್ಷಕ್ಕೊಮ್ಮೆ ಮಾತ್ರ ಹೂ ಬಿಡಲು ಶುರು ಮಾಡುತ್ತದೆ. ಹಬ್ಬುವ ಗುಲಾಬಿಗಳಲ್ಲಿ ಕೆಲವು ಹುಟ್ಟಿದ್ದು ಹೀಗೆ, ಎಲ್ಲವೂ ಅಲ್ಲ. ನಿಮ್ಮ ಬೀದಿಯ ಗೋಡೆ ಮೇಲೆ ಒಂದು ಹಬ್ಬಿದ್ದರೆ, ಅದು ಯಾವ ಯಾವ ತಿಂಗಳು ಹೂ ಬಿಡುತ್ತೆ ಅಂತ ಒಂದು ವರ್ಷ ನೋಟ್ ಬುಕ್ಕಿನಲ್ಲಿ ಬರೆದಿಡಿ.