ಧ್ರುವಪ್ರಭೆಯ ಕಾರಣವೂ ನಮ್ಮ ಕರಾವಳಿಯ ವಿಜ್ಞಾನಿಯೂ

1872ನೆಯ ಇಸವಿ ಫೆಬ್ರುವರಿ 4ರ ರಾತ್ರಿ ಮುಂಬಯಿಯ ಆಕಾಶದಲ್ಲಿ ಧ್ರುವಪ್ರಭೆ ಕಾಣಿಸಿಕೊಂಡಿತೆಂದು ಅಂದಿನ ವೃತ್ತಪತ್ರಿಕೆ ವರದಿ ಮಾಡಿತು. ನಾರ್ವೆ, ಐಸ್‌ಲೆಂಡ್, ಕೆನಡಾ ಮೊದಲಾದ ಶೀತದೇಶಗಳ ಇರುಳುಗಳಿಗೆ ಸಹಜವಾದ ಈ ಬೆಳಕು ನಮ್ಮ ಪಶ್ಚಿಮ ಸಮುದ್ರದ ತೀರಕ್ಕೆ ಬಂದುದು ಶತಮಾನಗಳಲ್ಲಿ ಒಮ್ಮೆ ನಡೆಯಬಹುದಾದ ಸಂಗತಿ. ಕಾರವಾರದ ಬೈತಖೋಲದಲ್ಲಾಗಲಿ ಅಂಕೋಲೆಯ ಬೇಲೇಕೇರಿಯಲ್ಲಾಗಲಿ ಇರುಳೆಲ್ಲ ಎಚ್ಚತ್ತು ಬಡಗಣ ದಿಕ್ಕನ್ನು ನೋಡುತ್ತ ಕುಳಿತರೂ ಅದು ನಮಗೆ ದೊರೆಯತಕ್ಕ ದರ್ಶನವಲ್ಲ. ಆದರೂ ಆ ಬೆಳಕಿನ ಕಾರಣವನ್ನು ಶೋಧಿಸಿದವರ ಸಾಲಿನಲ್ಲಿ, ಇದೇ ಕಡಲಿನ ದಂಡೆಯಲ್ಲಿ ಕಾರವಾರದಿಂದ ತೆಂಕಣಕ್ಕೆ ಸಾಗಿದರೆ ಸಿಕ್ಕುವ ಉಡುಪಿಯ ಸಮೀಪದ ಅದಮಾರಿನಲ್ಲಿ ಹುಟ್ಟಿದ ಒಬ್ಬರು ಇದ್ದಾರೆಂಬುದು ನಮ್ಮಲ್ಲಿ ಅನೇಕರಿಗೆ ತಿಳಿದಿರಲಾರದು. ಅವರು ಉಡುಪಿ ರಾಮಚಂದ್ರ ರಾಯರು. ಆರ್ಯಭಟ ಉಪಗ್ರಹದ ನಿರ್ಮಾಪಕರೆಂದು ಅವರನ್ನು ನಾಡೆಲ್ಲ ಬಲ್ಲದು. ಅದಕ್ಕೂ ಮೊದಲಿನ ಅವರ ಸಂಶೋಧನೆಯ ಪರಿಚಯವನ್ನು ಮಾಡಿಕೊಡುವುದು ಈ ಲೇಖನದ ಉದ್ದೇಶ.

ಮೊದಲು ಬೆಳಕಿನ ವಿಚಾರ. ಅತ್ಯಂತ ವೇಗದಿಂದ ಮೇಲಿನಿಂದ ಇಳಿದುಬರುವ ಇಲೆಕ್ಟ್ರಾನುಗಳು ವಾಯುಮಂಡಲದ ಎತ್ತರದ ಪದರಗಳಲ್ಲಿರುವ ವಿರಳವಾದ ಅನಿಲಗಳ ಪರಮಾಣುಗಳಿಗೆ ತಾಗಿದಾಗ, ಆ ಪರಮಾಣುಗಳು ಶಕ್ತಿಯನ್ನು ಹೀರಿ ಕ್ಷುಬ್ಧವಾಗುತ್ತವೆ. ಅನಂತರ ಆ ಶಕ್ತಿಯನ್ನು ಬೆಳಕಿನ ರೂಪದಲ್ಲಿ ಬಿಟ್ಟುಕೊಟ್ಟು ಸ್ವಸ್ಥಿತಿಗೆ ಮರಳುತ್ತವೆ. ನೆಲದಿಂದ 100ರಿಂದ 150 ಕಿಲೋಮೀಟರು ಎತ್ತರದಲ್ಲಿ ಆಮ್ಲಜನಕವು ಹಸುರು ಬೆಳಕನ್ನೂ, 200 ಕಿಲೋಮೀಟರಿಗೂ ಮೇಲೆ ಅದೇ ಆಮ್ಲಜನಕವು ಕೆಂಪು ಬೆಳಕನ್ನೂ, ಸಾರಜನಕವು ನೀಲಿ ಮತ್ತು ನೇರಿಳೆ ಛಾಯೆಗಳನ್ನೂ ಕೊಡುತ್ತವೆ. ಕೆಂಪನ್ನು ಬೀರುವ ಪರಮಾಣುವು ಕ್ಷೋಭೆಗೊಂಡ ಮೇಲೆ ಸುಮಾರು 110 ಸೆಕೆಂಡುಗಳ ಕಾಲ ಕಾಯಬೇಕಾಗುವುದರಿಂದ, ಅಷ್ಟರೊಳಗೆ ನೆರೆಯ ಅಣುಗಳು ತಾಗಿ ಅದರ ಶಕ್ತಿಯನ್ನು ಅಪಹರಿಸದಂಥ ತೀರ ವಿರಳವಾದ ಗಾಳಿಯಲ್ಲಿ ಮಾತ್ರ ಆ ವರ್ಣಕ್ಕೆ ಅವಕಾಶವುಂಟು. ಇಷ್ಟು ಬೆಳಕಿನ ಕಥೆಯಾಯಿತು. ಆದರೆ ಆ ಇಲೆಕ್ಟ್ರಾನುಗಳಿಗೆ ಅಂಥ ವೇಗವನ್ನು ಕೊಡುವ ಶಕ್ತಿ ಎಲ್ಲಿಂದ ಬರುತ್ತದೆ?

ಅದು ಸೂರ್ಯನಿಂದ ಬರುತ್ತಿರಬೇಕೆಂದು ನಾರ್ವೆಯ ಕ್ರಿಸ್ಟಿಯಾನ್ ಬಿರ್ಕೆಲೆಂಡ್ 1896ರಲ್ಲಿಯೇ ಊಹಿಸಿದನು. ನಿರ್ವಾತವಾದ ಪೆಟ್ಟಿಗೆಯಲ್ಲಿ ಕಾಂತಗೋಲವೊಂದನ್ನಿರಿಸಿ, ಅದರ ಮೇಲೆ ವಿದ್ಯುತ್ಕಣಗಳನ್ನು ಹಾಯಿಸಿ, ಅದರ ಎರಡು ಧ್ರುವಗಳ ಸುತ್ತ ಪ್ರಭಾವಲಯಗಳು ಮೂಡುವುದನ್ನು ತೋರಿಸಿಕೊಟ್ಟನು. ಸೂರ್ಯನ ಹೊರಗಿನ ಅತ್ಯುಷ್ಣ ವಾಯುವು ಎಲ್ಲ ದಿಕ್ಕುಗಳಿಗೂ ಎಡೆಬಿಡದೆ ಬೀಸುತ್ತಲೇ ಇರುವುದೆಂದು ಅಮೆರಿಕದ ಯೂಜೀನ್ ಪಾರ್ಕರ್ 1958ರಲ್ಲಿ ಗಣಿತದಿಂದ ಸಾಧಿಸಿ, ಅದಕ್ಕೆ ಸೌರಮಾರುತವೆಂದು ಹೆಸರಿಟ್ಟನು. ಪರಿಶೀಲಕರು ಆ ಪ್ರಬಂಧವನ್ನು ತಿರಸ್ಕರಿಸಿದಾಗ, ಪತ್ರಿಕೆಯ ಸಂಪಾದಕರಾಗಿದ್ದ ಸುಬ್ರಹ್ಮಣ್ಯನ್ ಚಂದ್ರಶೇಖರರು ಗಣಿತದಲ್ಲಿ ದೋಷವನ್ನು ಕಾಣದೆ ಅದನ್ನು ಪ್ರಕಟಿಸಿದರು. ಹೀಗೆ ಊಹೆಯೂ ಗಣಿತವೂ ಸಿದ್ಧವಾಗಿದ್ದವು; ಬೇಕಾಗಿದ್ದುದು ಆ ಮಾರುತದೊಳಕ್ಕೇ ಹೋಗಿ ಅಳೆಯುವ ಸಾಧನ.

ರಾಮಚಂದ್ರ ರಾಯರು ಹುಟ್ಟಿದ್ದು 1932ರ ಮಾರ್ಚ್ 10ರಂದು. ಉಡುಪಿಯಲ್ಲಿ ಪ್ರೌಢಶಾಲೆಯನ್ನೂ ಬಳ್ಳಾರಿಯಲ್ಲಿ ಇಂಟರ್‌ಮೀಡಿಯೆಟನ್ನೂ ಮುಗಿಸಿ, ಕಾಶಿಯ ಹಿಂದೂ ವಿಶ್ವವಿದ್ಯಾಲಯದಲ್ಲಿ ಎಂ.ಎಸ್ಸಿ. ಪದವಿಯನ್ನು ಪಡೆದು, ಅಹಮದಾಬಾದಿನ ಭೌತ ಸಂಶೋಧನಾಲಯದಲ್ಲಿ ವಿಕ್ರಮ ಸಾರಾಭಾಯಿಯವರ ಶಿಷ್ಯರಾಗಿ ವಿಶ್ವಕಿರಣಗಳ ಏರಿಳಿತಗಳನ್ನು ಅಭ್ಯಸಿಸಿದರು. ಅಂತರಿಕ್ಷದ ಆಳದಿಂದ ಬರುವ ಈ ಕಣಗಳು ಸೂರ್ಯನು ಹರಡಿದ ಕಾಂತಕ್ಷೇತ್ರವನ್ನು ದಾಟಿಯೇ ನಮ್ಮನ್ನು ಮುಟ್ಟಬೇಕಾಗಿರುವುದರಿಂದ, ಅವುಗಳ ಸಂಖ್ಯೆಯಲ್ಲಿ ದಿನದಿನಕ್ಕೂ ಆಗುವ ವ್ಯತ್ಯಾಸವು ಸೂರ್ಯನಿಗೂ ಭೂಮಿಗೂ ನಡುವಣ ಬಯಲಿನ ಸ್ಥಿತಿಯನ್ನು ಪರೋಕ್ಷವಾಗಿ ತಿಳಿಸುತ್ತದೆ. ಈ ವಿದ್ಯೆಯಲ್ಲಿ ಪಳಗಿದ ರಾಯರು ಅಮೆರಿಕದ ಮ್ಯಾಸಚೂಸೆಟ್ಸ್ ತಂತ್ರಜ್ಞಾನ ಸಂಸ್ಥೆಗೆ ಹೋದರು.

1962ರ ಆಗಸ್ಟ್ 27ರಂದು ಶುಕ್ರಗ್ರಹದ ಕಡೆಗೆ ಹಾರಿದ ಮ್ಯಾರಿನರ್-2 ನೌಕೆಯು ತಿಂಗಳುಗಟ್ಟಲೆ ದಾರಿಯುದ್ದಕ್ಕೂ ಸೌರಮಾರುತವನ್ನು ಅಳೆಯುತ್ತ ಹೋಯಿತು. ಮಾರುತವು ನಿಂತದ್ದೇ ಇಲ್ಲ. ಅದರ ವೇಗವು ಸೆಕೆಂಡಿಗೆ 300 ಕಿಲೋಮೀಟರಿನಿಂದ 800 ಕಿಲೋಮೀಟರಿನವರೆಗಿನ ಅಂತರದಲ್ಲಿ ಏರುತ್ತ ಇಳಿಯುತ್ತ, ಸೂರ್ಯನು ಒಮ್ಮೆ ಸುತ್ತುವ 27 ದಿನಗಳ ಅವಧಿಗೆ ಸರಿಯಾಗಿ ಪ್ರಬಲ ಪ್ರವಾಹಗಳು ಮರಳಿ ಬರುತ್ತಿದ್ದವು. ಕಾನ್‌ವೇ ಸ್ನೈಡರ್, ಮಾರ್ಸಿಯಾ ನ್ಯೂಗೆಬಾವರ್ ಇವರೊಡನೆ ರಾಯರು 1963ರಲ್ಲಿ ಪ್ರಕಟಿಸಿದ ಪ್ರಬಂಧವು ಈ ವೇಗವನ್ನು ವಿಶ್ವಕಿರಣಗಳೊಡನೆಯೂ ಭೂಮಿಯ ಕಾಂತಕ್ಷೋಭೆಯೊಡನೆಯೂ ಹೋಲಿಸಿ ನೋಡಿತು. ಭೂಮಿಯ ಹಲವು ವೀಕ್ಷಣಾಲಯಗಳಲ್ಲಿ ಕಾಂತಸೂಚಿ ಎಷ್ಟು ಅಲುಗಿತೆಂಬುದನ್ನು ಮೂರು ಮೂರು ಗಂಟೆಗಳಿಗೊಮ್ಮೆ 0ಯಿಂದ 9ರವರೆಗಿನ ಅಂಕಗಳಲ್ಲಿ ಸೂಚಿಸುವ ಪದ್ಧತಿಯೊಂದುಂಟು. ದಿನವೊಂದರ ಇಂಥ ಎಂಟು ಅಂಕಗಳನ್ನು ಕೂಡಿ, ಬಂದ ಮೊತ್ತವನ್ನು 8.44ರಿಂದ ಗುಣಿಸಿ, ಅದಕ್ಕೆ 330ನ್ನು ಸೇರಿಸಿದರೆ ಆ ದಿನದ ಸೌರಮಾರುತದ ಸರಾಸರಿ ವೇಗವು ಸೆಕೆಂಡಿಗೆ ಇಷ್ಟು ಕಿಲೋಮೀಟರೆಂದು ಅಂದಾಜು ದೊರೆಯುವುದನ್ನು ಅವರು ಕಂಡುಹಿಡಿದರು. ಮೊತ್ತವು 20 ಆಗಿದ್ದರೆ ವೇಗವು ಸುಮಾರು 499. ನೆಲದ ಮೇಲಿನ ಸೂಜಿಯೊಂದರ ಕಂಪನದಲ್ಲಿ ಸೂರ್ಯನಿಂದ ಹೊರಟ ಅದೃಶ್ಯ ಪ್ರವಾಹದ ವೇಗವು ಲಿಖಿತವಾಗಿದೆಯೆಂಬುದು ಎಂತಹ ಗಹನವಾದ ಸತ್ಯ! ಕಾಂತಸೂಚಿಯ ಕ್ಷೋಭೆಯೂ ಧ್ರುವಪ್ರಭೆಯೂ ಜೊತೆಜೊತೆಯಾಗಿಯೇ ಬರುತ್ತವೆಂಬುದು ಮೊದಲಿನಿಂದ ತಿಳಿದಿದ್ದ ವಿಷಯ. ಎರಡಕ್ಕೂ ಮೂಲವಾದುದು ಈ ಮಾರುತವೆಂಬುದು ಈಗ ಅಳತೆಯಿಂದ ದೃಢಪಟ್ಟಿತು.

ಆದರೆ ಮಾರುತವು ನೇರವಾಗಿ ವಾಯುಮಂಡಲಕ್ಕೆ ನುಗ್ಗಿ ಬೆಳಕನ್ನು ಹೊತ್ತಿಸುವುದಿಲ್ಲ. ಮಳೆಗಾಲದ ಗಂಗಾವಳಿ ಹೊಳೆಯು ನಡುಬಂಡೆಯೊಂದಕ್ಕೆ ತಾಗಿ ಇಬ್ಭಾಗವಾಗಿ, ಅದರ ಹಿಂದುಗಡೆ ನೀಳವಾದ ಜಾಡನ್ನು ಬಿಟ್ಟು ಸಾಗುವಂತೆ, ಸೌರಮಾರುತವು ಭೂಮಿಯ ಕಾಂತಕ್ಷೇತ್ರವನ್ನು ಬಳಸಿ ಹರಿದು, ಇರುಳಿನ ಪಾರ್ಶ್ವದಲ್ಲಿ ಅದನ್ನು ಲಕ್ಷಾಂತರ ಕಿಲೋಮೀಟರುಗಳ ಬಾಲವಾಗಿ ಎಳೆಯುತ್ತದೆ. ಮಾರುತವು ತನ್ನೊಡನೆ ಹೊತ್ತು ತರುವ ಸೂರ್ಯನ ಕಾಂತಕ್ಷೇತ್ರವು ದಕ್ಷಿಣಾಭಿಮುಖವಾಗಿದ್ದಾಗ, ಉತ್ತರಾಭಿಮುಖವಾದ ಭೂಮಿಯ ರೇಖೆಗಳೊಡನೆ ಬೆಸೆದುಕೊಂಡು ಶಕ್ತಿಯ ಪ್ರವೇಶಕ್ಕೆ ಬಾಗಿಲು ತೆರೆಯುವುದೆಂದು ಇಂಗ್ಲೆಂಡಿನ ಜೇಮ್ಸ್ ಡಂಜಿ 1961ರಲ್ಲಿ ವಿವರಿಸಿದ್ದನು. ಆದುದರಿಂದ ಮಾರುತದ ವೇಗವೊಂದೇ ಸಾಲದು, ಅದರ ಕಾಂತಕ್ಷೇತ್ರದ ದಿಕ್ಕೂ ಅನುಕೂಲವಾಗಬೇಕು. ಬಾಲದಲ್ಲಿ ಸಂಚಿತವಾದ ಶಕ್ತಿಯು ಆಗಾಗ ಹಠಾತ್ತಾಗಿ ಬಿಡುಗಡೆಯಾದಾಗ ಇಲೆಕ್ಟ್ರಾನುಗಳು ಕಾಂತರೇಖೆಗಳನ್ನು ಅನುಸರಿಸಿ ಧ್ರುವಪ್ರದೇಶಗಳಿಗೆ ಧಾವಿಸುತ್ತವೆ; ಕಾಂತರೇಖೆಗಳ ಮೇಲೆ ಚಲಿಸುವ ಆಲ್ಫ್‌ವೆನ್ ತರಂಗಗಳು ಅವುಗಳಿಗೆ ಇನ್ನಷ್ಟು ವೇಗವನ್ನು ಕೊಡಬಲ್ಲವೆಂಬುದು 2021ರಲ್ಲಿ ಪ್ರಯೋಗಶಾಲೆಯಲ್ಲಿಯೇ ಸಿದ್ಧವಾಯಿತು.

ಕಾರವಾರ ಅಂಕೋಲೆಗಳಿಗೆ ಈ ಪ್ರಭೆ ಏಕೆ ದುರ್ಲಭವೆಂಬುದು ಈಗ ಸ್ಪಷ್ಟವಾದೀತು. ಭೂಕಾಂತದ ಸಮಭಾಜಕ ರೇಖೆಯು ಭಾರತದ ದಕ್ಷಿಣತುದಿಯ ತಿರುನೆಲ್ವೇಲಿಯ ಸಮೀಪದಲ್ಲಿ ಹಾದುಹೋಗುತ್ತದೆ. ಅದಕ್ಕೆ ಅನತಿದೂರದಲ್ಲಿರುವ ನಮ್ಮ ತೀರದ ಮೇಲೆ ಕಾಂತರೇಖೆಗಳು ನೆಲದತ್ತ ಇಳಿಯದೆ ಬಹುಮಟ್ಟಿಗೆ ಅಡ್ಡಲಾಗಿಯೇ ಸಾಗುವುದರಿಂದ, ಆ ಕಣಗಳಿಗೆ ಇಲ್ಲಿ ಕೆಳಗಿಳಿಯುವ ಮಾರ್ಗವಿಲ್ಲ. ಮಹಾಕ್ಷೋಭೆಗಳ ಕಾಲದಲ್ಲಿ ಪ್ರಭಾವಲಯವು ದಕ್ಷಿಣಕ್ಕೆ ಹಬ್ಬಿದಾಗ ದೂರದಿಂದ ಅದರ ಮೇಲ್ತುದಿಯ ಕೆಂಪು ಮಾತ್ರ ಕ್ಷಿತಿಜದಲ್ಲಿ ಕಂಡೀತು: 2024ರ ಮೇ 10 ಮತ್ತು 11ರ ನಡುವಣ ರಾತ್ರಿ, ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯು ಲಡಾಖಿನ ಹಾನ್ಲೆಯಲ್ಲಿ ನಡೆಸುವ ವೀಕ್ಷಣಾಲಯದ ಛಾಯಾಗ್ರಾಹಕಗಳಲ್ಲಿ ಅಂಥ ಅರುಣಪ್ರಭೆ ದಾಖಲಾಯಿತು. ಬೆಳಕು ನಮ್ಮನ್ನು ಮುಟ್ಟದಿದ್ದರೂ ಕ್ಷೋಭೆಯು ಮುಟ್ಟದೆ ಇರದು. ಅಂಥ ಸಮಯದಲ್ಲಿ ಸಮಭಾಜಕದ ಮೇಲೆ ಬಹುದೂರದ ಎತ್ತರದಲ್ಲಿ ವಿದ್ಯುತ್ಕಣಗಳ ಪ್ರವಾಹವೊಂದು ಭೂಮಿಯನ್ನು ಬಳಸಿ ಹರಿದು ನೆಲದ ಕಾಂತಬಲವನ್ನು ಕುಗ್ಗಿಸುತ್ತದೆ. 1859ರ ಸೆಪ್ಟೆಂಬರಿನ ಮಹಾಕ್ಷೋಭೆಯಲ್ಲಿ ಮುಂಬಯಿಯ ಕೊಲಾಬಾ ವೀಕ್ಷಣಾಲಯದ ಸೂಚಿಯು ಸುಮಾರು 1600 ನ್ಯಾನೊಟೆಸ್ಲಾಗಳಷ್ಟು ಕುಸಿತವನ್ನು ದಾಖಲಿಸಿತು. ಆ ದಾಖಲೆಯನ್ನು ಲೋಕದ ವಿಜ್ಞಾನಿಗಳು ಇಂದಿಗೂ ಪ್ರಮಾಣವಾಗಿ ಬಳಸುತ್ತಾರೆ.

ರಾಯರು ಮುಂದೆ ಡಲ್ಲಾಸಿನಲ್ಲಿ ಪಯನಿಯರ್ ಮತ್ತು ಎಕ್ಸ್‌ಪ್ಲೋರರ್ ನೌಕೆಗಳಿಗೆ ವಿಶ್ವಕಿರಣಗಳ ಉಪಕರಣಗಳನ್ನು ರಚಿಸುವುದರಲ್ಲಿ ತೊಡಗಿ, 1966ರಲ್ಲಿ ಸ್ವದೇಶಕ್ಕೆ ಮರಳಿ, 1975ರ ಏಪ್ರಿಲ್ 19ರಂದು ಕಕ್ಷೆ ಸೇರಿದ ಆರ್ಯಭಟವನ್ನು ನಾಡಿಗೆ ಕೊಟ್ಟು, 1984ರಿಂದ 1994ರವರೆಗೆ ಇಸ್ರೊ ಸಂಸ್ಥೆಯ ಅಧ್ಯಕ್ಷರಾಗಿದ್ದು, 2017ರ ಜುಲೈ 24ರಂದು ದಿವಂಗತರಾದರು. ಅವರ ಹೆಸರನ್ನು ಹೊತ್ತ ಬೆಂಗಳೂರಿನ ಉಪಗ್ರಹ ಕೇಂದ್ರದಲ್ಲಿ ಸಿದ್ಧವಾದ ಆದಿತ್ಯ-ಎಲ್1 ನೌಕೆಯು 2024ರ ಜನವರಿ 6ರಿಂದ ಭೂಮಿಯಿಂದ 15 ಲಕ್ಷ ಕಿಲೋಮೀಟರು ದೂರದಲ್ಲಿ, ಸೂರ್ಯನ ದಿಕ್ಕಿನಲ್ಲಿ ನೆಲೆಗೊಂಡಿದೆ. ಅದರಲ್ಲಿ ಸೌರಮಾರುತವನ್ನು ಅಳೆಯುವ ಉಪಕರಣಗಳಲ್ಲೊಂದು ರಾಯರು ಕಲಿತ ಅಹಮದಾಬಾದಿನ ಸಂಶೋಧನಾಲಯದ್ದೇ. ಸೆಕೆಂಡಿಗೆ 400 ಕಿಲೋಮೀಟರಿನ ಮಾರುತವು ಅಲ್ಲಿಂದ ಭೂಮಿಗೆ ಬರಲು ಸುಮಾರು ಒಂದು ಗಂಟೆ ಹಿಡಿಯುತ್ತದೆ. ಆ ಒಂದು ಗಂಟೆಯೇ ನಮಗೆ ದೊರೆಯುವ ಮುನ್ನೆಚ್ಚರಿಕೆಯ ಅವಧಿ.

ಮುನ್ನೆಚ್ಚರಿಕೆ ನಿರರ್ಥಕವಾದುದಲ್ಲ. 1989ರ ಮಾರ್ಚ್ 13ರ ಕಾಂತಕ್ಷೋಭೆಯು ಕೆನಡಾದ ಕ್ವಿಬೆಕ್ ಪ್ರಾಂತದ ಸುಮಾರು 60 ಲಕ್ಷ ಜನರನ್ನು ಒಂಬತ್ತು ಗಂಟೆಗಳ ಕಾಲ ವಿದ್ಯುತ್ತಿಲ್ಲದಂತೆ ಮಾಡಿತು. ಇಂದು ಬೈತಖೋಲ ಬೇಲೇಕೇರಿಗಳಿಂದ ಆಳಸಮುದ್ರಕ್ಕೆ ಹೋಗುವ ದೋಣಿಗಳು ದಿಕ್ಕನ್ನು ತಿಳಿಯಲು ನಂಬಿರುವ ಜಿ.ಪಿ.ಎಸ್. ಸಂಕೇತಗಳೂ, ಇಂಥ ಕ್ಷೋಭೆಗೆ ಒಳಗಾಗುವ ಮೇಲ್ವಾಯುಮಂಡಲವನ್ನು ದಾಟಿಯೇ ಬರತಕ್ಕವು. ಧ್ರುವಪ್ರಭೆಯ ಶಾಸ್ತ್ರವು ಹಿಮದ ನಾಡಿನವರ ವಿನೋದಕ್ಕಾಗಿ ಮಾತ್ರ ಹುಟ್ಟಿದುದೆಂಬ ಭಾವನೆಯನ್ನು ನಮ್ಮ ಶಾಲೆಗಳ ಮಕ್ಕಳು ಬಿಡಬೇಕು. ಆ ಪ್ರಭೆ ಕಾಣದ ತೀರದಲ್ಲಿ ಹುಟ್ಟಿ, ಬೆಳಕನ್ನು ಅರಸದೆ ಕಣಗಳನ್ನು ಎಣಿಸುತ್ತ ಹೋದ ರಾಯರು ಅದರ ಮೂಲಕಾರಣವನ್ನು ದೃಢಪಡಿಸುವುದರಲ್ಲಿ ಭಾಗಿಯಾದುದೇ, ಕಾರ್ಯವನ್ನು ನೋಡಲು ಭಾಗ್ಯ ಬೇಕಾದರೂ ಕಾರಣವನ್ನು ಅರಿಯಲು ಶ್ರದ್ಧೆ ಮತ್ತು ಅಳತೆ ಸಾಕೆಂಬುದಕ್ಕೆ ನಿದರ್ಶನ.